ಮಳೆಯ ಲೆಕ್ಕ ಹಿಡಿದವರು: ಸರ್ ಗಿಲ್ಬರ್ಟ್ ವಾಕರ್

ಮಂಡ್ಯವೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಬ್ಬಿನ ಗದ್ದೆ, ನಾಲೆಯ ನೀರು, ಆಲೆಮನೆಯ ಬೆಲ್ಲದ ಕಂಪು. ಆದರೆ ನಾಲೆಯ ನೀರು ಹತ್ತದ ಊರುಗಳೂ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಮಳವಳ್ಳಿ ತಾಲ್ಲೂಕಿನಲ್ಲಿ ನಾನು ಹುಟ್ಟಿ ಬೆಳೆದ ಹಳ್ಳಿಯೂ ಅಂಥವುಗಳಲ್ಲೊಂದು. ಅಲ್ಲಿ ರಾಗಿ, ಹುರುಳಿ, ಅವರೆ ಎಲ್ಲವೂ ಮುಗಿಲನ್ನೇ ನಂಬಿದ ಬೆಳೆಗಳು. ಅಶ್ವಿನಿ ಹುಸಿಹೋಯಿತು, ಭರಣಿ ಹದವಾಯಿತು, ಕೃತ್ತಿಕೆ ಕೈಕೊಟ್ಟಿತು ಎಂದು ಮಳೆಯನ್ನು ನಕ್ಷತ್ರದ ಹೆಸರು ಹಿಡಿದು ಕರೆದು, ನೆಂಟರ ವಿಚಾರ ಮಾತಾಡುವಂತೆ ಜಗಲಿಯ ಮೇಲೆ ಕುಳಿತು ಮಾತಾಡುವುದು ನಮ್ಮವರ ರೂಢಿ. ಹೀಗಿರುವಾಗ ಸರ್ಕಾರದ ಹವಾಮಾನ ಇಲಾಖೆಯ ಮಾತಿಗೆ ನಮ್ಮ ಜಗಲಿಯಲ್ಲಿ ಎಷ್ಟು ಬೆಲೆಯಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

2023ರ ಬೇಸಗೆಯಲ್ಲಿ, ದೇಶದ ಮುಂಗಾರು ವಾಡಿಕೆಯ ನೂರಕ್ಕೆ 96ರಷ್ಟು ಆಗುವುದೆಂದು ಇಲಾಖೆಯವರು ಹೇಳಿದ್ದರು. ಅದನ್ನು ಕೇಳಿ ನಮ್ಮ ತಂದೆಯವರು ಸಾಲಮಾಡಿ ಬಿತ್ತನೆಗೆ ಅಣಿಯಾದರು. ದೇಶಕ್ಕೆ ಬಿದ್ದ ಮಳೆ 94. ಲೆಕ್ಕ ಬಹುಮಟ್ಟಿಗೆ ಸರಿಯೇ. ಆದರೆ ಕರ್ನಾಟಕಕ್ಕೆ ಮಾತ್ರ ಆ ವರ್ಷ ಬರ ಬಂದಿತು; ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಕೃಷ್ಣರಾಜಸಾಗರ ತುಂಬಲಿಲ್ಲ. ನಮ್ಮ ಹೊಲದ ರಾಗಿ ತೆನೆ ಕಟ್ಟುವ ಮೊದಲೇ ಸುಟ್ಟುಹೋಯಿತು. ಅಂದಿನಿಂದ ತಂದೆಯವರು ಮುನ್ಸೂಚನೆಯೆಂಬ ಮಾತನ್ನು ಕೇಳಿದರೆ ಮುಖ ತಿರುಗಿಸುತ್ತಿದ್ದರು.

ಮರುವರ್ಷ, 2024ರ ಏಪ್ರಿಲ್ ಮೇ ತಿಂಗಳುಗಳಲ್ಲಿ, ಬಿಸಿಲು ಬೆಂಕಿಯಾಗಿತ್ತು. ಮಧ್ಯಾಹ್ನ ಮಂಡ್ಯದ ಬೀದಿಗಳು ಬಿಕೋ ಎನ್ನುತ್ತಿದ್ದುವು. ಭರಣಿ ಮಳೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಮಂಡ್ಯ, ಮದ್ದೂರು, ಮಳವಳ್ಳಿಯ ಸುತ್ತಿನಲ್ಲಿ ಗುಡುಗು ಸಿಡಿಲಿನ ಮಳೆಯಾಗುವ ಸಂಭವವಿದೆ, ಮರದಡಿ ನಿಲ್ಲಬೇಡಿ ಎಂಬ ಅರ್ಥದ ಸಂದೇಶ ತಂದೆಯವರ ಫೋನಿಗೆ ಬಂದಿತು. ಅವರು ಅದನ್ನು ನೋಡಿ, ಹೋದ ವರ್ಷದ ಮಾತೇ ಸಾಕೆಂದು ಫೋನನ್ನು ಜೇಬಿಗೆ ಹಾಕಿಕೊಂಡರು. ಗಂಟೆ ಕಳೆಯುವುದರೊಳಗೆ ಪಡುವಣದಲ್ಲಿ ಕಾರ್ಮೋಡವೆದ್ದಿತು. ಎತ್ತುಗಳನ್ನು ಬದುವಿನ ಹುಣಸೆಮರಕ್ಕೆ ಕಟ್ಟಿ, ತಾವು ಗೊಬ್ಬರದ ಗೋಣಿಚೀಲ ತರಲೆಂದು ಇಪ್ಪತ್ತು ಹೆಜ್ಜೆ ಆಚೆಗೆ ಹೋಗಿದ್ದರು. ಸಿಡಿಲು ಮರಕ್ಕೆ ಬಡಿಯಿತು. ಜೋಡೆತ್ತು ನಿಂತಲ್ಲೇ ಉರುಳಿದುವು. ನಮ್ಮ ತಂದೆಯವರು ಆ ಇಪ್ಪತ್ತು ಹೆಜ್ಜೆಯ ಅಂತರದಿಂದ ಬದುಕಿಕೊಂಡರು.

ಎತ್ತು ಮಣ್ಣುಮಾಡಿದ ರಾತ್ರಿ ತಂದೆಯವರು ನನ್ನನ್ನು ಕರೆದು ಒಂದು ಪ್ರಶ್ನೆ ಕೇಳಿದರು. ನಂಬಿದಾಗ ಕೈಬಿಟ್ಟು, ನಂಬದಿದ್ದಾಗ ನಿಜವಾಗುವ ಈ ಮಾತನ್ನು ಹೇಳುವವರು ಯಾರು, ಯಾವ ಆಧಾರದಿಂದ ಹೇಳುತ್ತಾರೆಂಬುದೇ ಆ ಪ್ರಶ್ನೆ. ಕಾಲೇಜಿನಲ್ಲಿ ಓದುವ ಮಗನಿಗೆ ಉತ್ತರ ತಿಳಿಯಲಿಲ್ಲ. ಆ ನಾಚಿಕೆಯೇ ನನ್ನನ್ನು ಪುಸ್ತಕಗಳ ಕಡೆಗೆ ನೂಕಿತು. ಹಾಗೆ ಹುಡುಕುತ್ತ ಹೋದಾಗ ಕಂಡ ಒಬ್ಬ ಮಹನೀಯರ ಬಾಳನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಗಿಲ್ಬರ್ಟ್ ಥಾಮಸ್ ವಾಕರ್ ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ರಾಚ್‌ಡೇಲ್ ಪಟ್ಟಣದಲ್ಲಿ, 1868ರ ಜೂನ್ 14ರಂದು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ, ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಸೇರಿ, 1889ರಲ್ಲಿ ಗಣಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲಿಗರಾಗಿ ತೇರ್ಗಡೆಯಾದರು. ಹೆಚ್ಚು ಓದಿ ದೇಹ ದಣಿದುದರಿಂದ ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಹಿಮದ ಮೇಲೆ ಜಾರುವ ಆಟವನ್ನು ಕಲಿತರು. ಎಸೆದವನ ಕೈಗೇ ತಿರುಗಿ ಬರುವ ಬೂಮರಾಂಗ್ ಎಂಬ ಆಸ್ಟ್ರೇಲಿಯದ ಮರದ ಆಯುಧದ ಮೇಲೆ ಅವರಿಗೆ ಬಲು ಮೋಹ. ಅದೇಕೆ ತಿರುಗಿ ಬರುತ್ತದೆಂಬುದನ್ನು ಗಣಿತದಿಂದ ಸಾಧಿಸಿ ತೋರಿಸಿ, ಗೆಳೆಯರ ನಡುವೆ ಬೂಮರಾಂಗ್ ವಾಕರ್ ಎಂದೇ ಹೆಸರಾದರು. ಕೊಳಲು ನುಡಿಸುವುದು, ಅದರ ನಾದದ ಮರ್ಮ ಹುಡುಕುವುದು, ರೆಕ್ಕೆ ಬಡಿಯದೆ ಹಕ್ಕಿ ಗಾಳಿಯಲ್ಲಿ ತೇಲುವುದೇಕೆಂದು ಗಂಟೆಗಟ್ಟಲೆ ನೋಡುವುದು ಇವೂ ಅವರ ಹವ್ಯಾಸಗಳಾಗಿದ್ದುವು. ಹವಾಮಾನಶಾಸ್ತ್ರವೊಂದನ್ನು ಮಾತ್ರ ಅವರು ಓದಿರಲಿಲ್ಲ! ಅಂಥವರ ಹೆಗಲಿಗೆ ಭಾರತದ ಮಳೆ ಬಂದು ಬಿದ್ದುದೇ ಒಂದು ಸೋಜಿಗ.

ಅದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದದ್ದು 1875ರಲ್ಲಿ. ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥರು. ಮರುವರ್ಷವೇ ದಕ್ಷಿಣ ದೇಶಕ್ಕೆ ಮಹಾಕ್ಷಾಮ ಬಡಿಯಿತು. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಧಾತು ಸಂವತ್ಸರದ ಬರವೆಂದು ಅಜ್ಜಿಯರ ಬಾಯಲ್ಲಿ ಉಳಿದುಬಂದಿರುವ ಕಥೆ ಇದೇ. ಮಳೆ ತಪ್ಪುವುದನ್ನು ಮೊದಲೇ ತಿಳಿಯುವ ಉಪಾಯವಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಹಿಮಾಲಯದಲ್ಲಿ ಬೇಸಗೆಯ ಮುಂಚೆ ಹಿಮ ಹೆಚ್ಚು ಬಿದ್ದರೆ ಮುಂಗಾರು ಸೊರಗುತ್ತದೆಂದು ಬ್ಲಾನ್‌ಫೋರ್ಡ್ ಕಂಡುಕೊಂಡು, 1886ರಿಂದ ವರ್ಷಕ್ಕೊಮ್ಮೆ ಮಳೆಯ ಮುನ್ಸೂಚನೆ ಕೊಡತೊಡಗಿದರು. ಅವರ ತರುವಾಯ ಬಂದ ಸರ್ ಜಾನ್ ಎಲಿಯಟ್ ಮುನ್ಸೂಚನೆಯನ್ನು ಬಹಳ ವಿಸ್ತಾರವಾಗಿ ಬರೆಯುತ್ತಿದ್ದರು. 1899ರಲ್ಲಿ ಮಳೆ ಚೆನ್ನಾಗಿ ಆಗುವುದೆಂದು ಅವರು ಹೇಳಿದರು. ಆದದ್ದು ಶತಮಾನದ ಘೋರ ಬರಗಳಲ್ಲೊಂದು. ಪತ್ರಿಕೆಗಳು ಟೀಕಿಸಿದುವು. ಕೆಲವು ವರ್ಷಗಳ ಕಾಲ ಮುನ್ಸೂಚನೆಯನ್ನು ಜನಕ್ಕೆ ಕೊಡದೆ ಸರ್ಕಾರದೊಳಗೇ ಗುಟ್ಟಾಗಿ ಇಡಬೇಕಾಯಿತು. ನಮ್ಮ ತಂದೆಯವರ ಮುನಿಸು ಹೊಸದಲ್ಲವೆಂದು ನನಗೆ ಇಲ್ಲಿ ತಿಳಿಯಿತು.

ಎಲಿಯಟ್ಟರು ತಮ್ಮ ಸ್ಥಾನಕ್ಕೆ ಹವಾಮಾನದ ಪಂಡಿತರನ್ನು ಹುಡುಕದೆ, ಗಟ್ಟಿ ಗಣಿತಜ್ಞರೊಬ್ಬರನ್ನು ಹುಡುಕಿದರು. ವಾಕರರು ಒಪ್ಪಿದರು. ಯೂರೋಪು ಅಮೆರಿಕಗಳ ಹವಾಮಾನ ಕಛೇರಿಗಳನ್ನು ಸುತ್ತಿ ನೋಡಿಕೊಂಡು ಭಾರತಕ್ಕೆ ಬಂದು, 1904ರ ಜನವರಿಯಲ್ಲಿ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. ಆಗ ಅವರಿಗೆ 35 ವರ್ಷ. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು.

ಆ ಹೊತ್ತಿಗೆ ಮಳೆಯ ಚಿಂತೆ ರೈತನದೊಬ್ಬನದೇ ಆಗಿರಲಿಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ಧುಮುಕು ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿದ್ದಿತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಗಣಿಗೂ ತೊಂದರೆ. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟನ್ನು ಆರಂಭಿಸಿದುದಕ್ಕೆ ಇದೂ ಒಂದು ಕಾರಣ. ಹೊಳೆಗೆ ಅಡ್ಡಗಟ್ಟಿ ಮಳೆಯ ನೀರನ್ನು ಹಿಡಿದಿಡುವ ಕೆಲಸ ಇಲ್ಲಿ ನಡೆಯುತ್ತಿದ್ದಾಗ, ಬರುವ ಮಳೆಯ ಸುಳಿವನ್ನು ಮೊದಲೇ ಹಿಡಿಯುವ ಕೆಲಸ ಸಿಮ್ಲಾದಲ್ಲಿ ನಡೆಯುತ್ತಿದ್ದಿತು.

ವಾಕರರು ಮಾಡಿದುದು ಹೊಸ ಬಗೆಯ ಕೆಲಸ. ಮಳೆ ಹೇಗೆ ಹುಟ್ಟುತ್ತದೆಂಬ ತತ್ತ್ವವನ್ನು ಅವರು ಮೊದಲು ಮುಟ್ಟಲಿಲ್ಲ. ಲೋಕದ ನಾನಾ ಕಡೆಗಳಿಂದ ವರ್ಷವರ್ಷದ ವಾಯುಭಾರ, ಉಷ್ಣಮಾನ, ಮಳೆಗಳ ಅಂಕೆಗಳನ್ನು ತರಿಸಿ, ಯಾವುದು ಏರಿದಾಗ ಭಾರತದ ಮುಂಗಾರು ಏರುತ್ತದೆ, ಯಾವುದು ಏರಿದಾಗ ಇಳಿಯುತ್ತದೆ ಎಂದು ಲೆಕ್ಕ ಹಾಕಿಸಿದರು. ಗಣಕಯಂತ್ರವಿಲ್ಲದ ಕಾಲ. ಭಾರತೀಯ ಗುಮಾಸ್ತರು ಸಾಲಾಗಿ ಕುಳಿತು, ಕಾಗದದ ಮೇಲೆ ಸಾವಿರಾರು ಸಂಖ್ಯೆಗಳನ್ನು ಗುಣಿಸಿ ಕೂಡಿಸಿ, ಈ ಸಂಬಂಧಗಳ ಬಲವನ್ನು ಅಳೆದರು. ಹಿಮಾಲಯದ ಹಿಮ, ಮಾರಿಷಸ್ಸಿನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಆಫ್ರಿಕದ ಜಾಂಜಿಬಾರಿನ ಮಳೆ ಹೀಗೆ ದೂರದೂರದ ಸಂಗತಿಗಳು ನಮ್ಮ ಮುಂಗಾರಿನ ಸೂತ್ರದೊಳಗೆ ಸೇರಿದುವು. ಜಾಂಜಿಬಾರಿನ ಕಡಲತೀರದ ಮಳೆಗೂ ನಮ್ಮ ರಾಗಿಯ ಹೊಲಕ್ಕೂ ನಂಟು ಉಂಟೆಂದು ನಮ್ಮ ಜಗಲಿಯಲ್ಲಿ ಹೇಳಿದರೆ ಯಾರು ನಂಬಿಯಾರು!

ವಾಕರರ ನಿಜವಾದ ದೊಡ್ಡತನ ಬೇರೊಂದೆಡೆ ಇದೆ. ಅಂಕೆಗಳು ಮನುಷ್ಯನಿಗೆ ಮೋಸಮಾಡಬಲ್ಲುವೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಿತು. ಮದ್ದೂರಿನ ಸಂತೆಯಲ್ಲಿ ನೂರು ಜನಕ್ಕೆ ಒಂದೊಂದು ನಾಣ್ಯ ಕೊಟ್ಟು ಆರಾರು ಸಲ ಚಿಮ್ಮಿಸೋಣ. ಒಬ್ಬಿಬ್ಬರಿಗಾದರೂ ಆರು ಸಲವೂ ಒಂದೇ ಮುಖ ಬೀಳುವುದು ಸಹಜ. ಅವನಲ್ಲೇನೋ ಮಹಿಮೆಯಿದೆಯೆಂದು ನಾವು ಕೈಮುಗಿದರೆ ತಪ್ಪು ನಮ್ಮದು. ನೂರು ಜನರನ್ನು ನಿಲ್ಲಿಸಿ ಹುಡುಕಿದವರು ನಾವೇ ಅಲ್ಲವೇ? ಹಾಗೆಯೇ ನೂರು ಊರುಗಳ ಅಂಕೆಗಳನ್ನು ಮಳೆಯೊಡನೆ ಹೋಲಿಸಿದರೆ ಒಂದೆರಡು ಆಕಸ್ಮಿಕವಾಗಿ ಚೆನ್ನಾಗಿ ಹೊಂದಿಕೊಂಡೇ ತೀರುತ್ತವೆ. ಎಷ್ಟು ಹುಡುಕಿದೆವೆಂಬುದನ್ನೂ ಲೆಕ್ಕಕ್ಕೆ ಹಿಡಿದು ನಂಬಿಕೆಯನ್ನು ಅಳೆಯಬೇಕೆಂದು ವಾಕರರು 1914ರಲ್ಲೇ ಒರೆಗಲ್ಲೊಂದನ್ನು ಕೊಟ್ಟರು. ಮುನ್ಸೂಚನೆಯೆಂಬ ಗಟ್ಟಿಯಾದ ಮಾತಿಗಿಂತ, ಮುಂದಿನದರ ನೆರಳು ಕಾಣುವುದು ಎಂಬರ್ಥದ ಮೆತ್ತನೆಯ ಮಾತನ್ನೇ ಅವರು ಬಳಸಲು ಇಷ್ಟಪಡುತ್ತಿದ್ದರು. ಸೂಚನೆ ಬಲವಾಗಿಲ್ಲದ ವರ್ಷ ಸುಮ್ಮನಿರುವುದೇ ಲೇಸೆಂಬುದು ಅವರ ನಿಲುವು.

ಇನ್ನೊಂದು ಮಾತನ್ನೂ ಅವರು ಸ್ಪಷ್ಟಪಡಿಸಿದರು. ಭಾರತವೆಲ್ಲಕ್ಕೂ ಒಂದೇ ಮಳೆಯೆಂದು ಹೇಳುವುದು ಸಲ್ಲದು. ಒಂದೆಡೆ ನೆರೆ, ಇನ್ನೊಂದೆಡೆ ಬರ ಇರುವಾಗ ಸರಾಸರಿ ಯಾರ ಹೊಟ್ಟೆಯನ್ನೂ ತುಂಬದು. ಆದುದರಿಂದ ಮಳೆಯಲ್ಲಿ ಒಂದೇ ನಡತೆ ತೋರುವ ಸೀಮೆಗಳನ್ನು ಗುರುತಿಸಿ, ಪರ್ಯಾಯದ್ವೀಪಕ್ಕೊಂದು, ವಾಯವ್ಯ ಭಾರತಕ್ಕೊಂದು ಎಂದು ಬೇರೆಬೇರೆ ಸೂತ್ರಗಳನ್ನು ಕಟ್ಟಿದರು. ಇದನ್ನು ಓದಿದಾಗ ನನಗೆ 2023ರ ನಮ್ಮ ಹೊಲ ಕಣ್ಣಮುಂದೆ ಬಂದಿತು. ದೇಶದ 94ರಲ್ಲಿ ನಮ್ಮ ಮಳವಳ್ಳಿಯ ಪಾಲೆಷ್ಟೆಂದು ಕೇಳುವುದನ್ನು ನಾವು ಮರೆತಿದ್ದೆವು.

ವಾಕರರ ಆಳ್ವಿಕೆಯಲ್ಲೇ ಸಿಡಿಲಿನ ಅಧ್ಯಯನವೂ ನಡೆಯಿತು. 1906ರಲ್ಲಿ ಇಲಾಖೆಗೆ ಸೇರಿದ ಜಾರ್ಜ್ ಸಿಂಪ್ಸನ್ ಎಂಬ ತರುಣ ವಿಜ್ಞಾನಿಗಳು ಸಿಮ್ಲಾದಲ್ಲಿ ಬೀಳುವ ಮಳೆಹನಿಗಳ ವಿದ್ಯುತ್ತನ್ನು ಅಳೆದು, ಗುಡುಗಿನ ಮೋಡದಲ್ಲಿ ಅದು ಹೇಗೆ ಹುಟ್ಟಿರಬಹುದೆಂದು 1909ರಲ್ಲಿ ಒಂದು ವಾದವನ್ನು ಮಂಡಿಸಿದರು. ಆ ವಾದ ಪೂರ್ತಿ ನಿಲ್ಲದಿದ್ದರೂ, ಸಿಡಿಲನ್ನು ಅಳೆದು ತಿಳಿಯಬಹುದೆಂಬ ಧೈರ್ಯ ಬಂದದ್ದು ಅಂಥ ಕೆಲಸದಿಂದ. 1914ರಲ್ಲಿ ಆಗ್ರಾದಲ್ಲಿ ಮೇಲುಗಾಳಿಯ ವೀಕ್ಷಣಾಲಯ ಆರಂಭವಾಗಿ, ಬಲೂನುಗಳನ್ನು ಹಾರಿಬಿಟ್ಟು ಎತ್ತರದ ಗಾಳಿಯ ಹೋಕನ್ನು ನೋಡತೊಡಗಿದರು. ಬೇಸಗೆಯ ಗುಡುಗುಮಳೆಯನ್ನು ಮುಂಚಿತವಾಗಿ ಅರಿಯಲು ನೆಲದ ಕಾವಿನಷ್ಟೇ ಮುಖ್ಯವಾದುದು ಈ ಮೇಲುಗಾಳಿಯ ಸ್ಥಿತಿ. ಬೆಳಗಿನಿಂದ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಕಡಲ ಕಡೆಯಿಂದ ಬಂದ ತೇವ ಅದರಲ್ಲಿದ್ದು, ಮೇಲಿನ ಗಾಳಿ ತಣ್ಣಗಿದ್ದರೆ, ಅದು ಗೋಪುರದಂತೆ ಬೆಳೆದು ಮಧ್ಯಾಹ್ನದ ಮೇಲೆ ಗುಡುಗುತ್ತದೆ. ಬಿಸಿಲಿನ ಬೇಗೆಯೂ ಸಿಡಿಲೂ ಒಂದೇ ಒಲೆಯ ಎರಡು ಕಿಡಿಗಳೆಂದರೆ ತಪ್ಪಾಗಲಾರದು.

ವಾಕರರ ಬಾಳಿನ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 1913ರ ಫೆಬ್ರವರಿಯಲ್ಲಿ ಪ್ರವಾಸದ ಮೇಲೆ ಮದರಾಸಿಗೆ ಬಂದಾಗ, ಅಲ್ಲಿನ ಬಂದರು ಮಂಡಲಿಯ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಬಡ ಗುಮಾಸ್ತನೊಬ್ಬನ ಗಣಿತವನ್ನು ಅವರಿಗೆ ತೋರಿಸಿದರು. ಅದು ವಾಕರರು ನುರಿತ ಗಣಿತಭಾಗವಲ್ಲ. ಆದರೂ ಅದರ ಬೆಲೆಯನ್ನು ಗುರುತಿಸಿ, ಆ ತರುಣನಿಗೆ ನೆಮ್ಮದಿಯಿಂದ ಗಣಿತಮಾಡಲು ಅನುಕೂಲ ಕಲ್ಪಿಸಬೇಕೆಂದು ತಡಮಾಡದೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಬರೆದರು. ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಆ ಗುಮಾಸ್ತರೇ ಶ್ರೀನಿವಾಸ ರಾಮಾನುಜನ್. ಕಾವೇರಿತೀರದ ಈರೋಡಿನಲ್ಲಿ ಹುಟ್ಟಿ, ಕಾವೇರಿತೀರದ ಕುಂಭಕೋಣದಲ್ಲೇ ಬೆಳೆದವರು ಅವರು. ಕಾವೇರಿಗೆ ಬರುವ ಮಳೆಯನ್ನು ಹುಡುಕುತ್ತಿದ್ದ ಕಣ್ಣಿಗೆ ಕಾವೇರಿಯ ಮಗುವೂ ಕಂಡುದು ನಮ್ಮ ಪುಣ್ಯ.

ಮೊದಲ ಮಹಾಯುದ್ಧ ಬಂದಿತು. ಕಛೇರಿಯ ಜನ ಕಡಮೆಯಾದರು. 1917ರಲ್ಲಿ ಅತಿವೃಷ್ಟಿ, 1918ರಲ್ಲಿ ದೇಶವ್ಯಾಪಿ ಅನಾವೃಷ್ಟಿ. ಇದರ ನಡುವೆಯೂ ಲೆಕ್ಕ ನಿಲ್ಲಲಿಲ್ಲ. ಕಡೆಗೆ ಅಂಕೆಗಳ ರಾಶಿಯೊಳಗಿಂದ ಒಂದು ದೊಡ್ಡ ಸತ್ಯ ಮೂಡಿತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಎರಡು ಸಾಗರಗಳು ಒಂದು ಏತದ ಎರಡು ತುದಿಗಳಂತೆ, ಕೆಲವು ವರ್ಷಗಳಿಗೊಮ್ಮೆ ಏರಿಳಿಯುತ್ತಿವೆ. ಇದಕ್ಕೆ ವಾಕರರು 1924ರಲ್ಲಿ ದಕ್ಷಿಣದ ಆಂದೋಲನವೆಂಬರ್ಥದ ಹೆಸರನ್ನಿಟ್ಟರು. ಆ ವರ್ಷವೇ ಸರ್ ಪದವಿಯನ್ನು ಪಡೆದು, ಭಾರತದ ಕೆಲಸದಿಂದ ನಿವೃತ್ತರಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ 1934ರವರೆಗೆ ಪಾಠ ಹೇಳಿದರು. ತೆಳುವಾದ ದ್ರವದ ಪದರವನ್ನು ಅಡಿಯಿಂದ ಕಾಯಿಸಿ, ಅದು ಬುಗ್ಗೆಬುಗ್ಗೆಯಾಗಿ ಕದಲುವ ಬಗೆಯಿಂದ ಮೋಡಗಳ ಆಕಾರವನ್ನು ವಿವರಿಸಲು ಯತ್ನಿಸಿದರು. ಕಾಲಕಾಲಕ್ಕೆ ಏರಿಳಿಯುವ ಅಂಕೆಗಳನ್ನು ಕುರಿತು 1931ರಲ್ಲಿ ಅವರು ಬರೆದುದು ಯೂಲ್-ವಾಕರ್ ಸಮೀಕರಣವೆಂಬ ಹೆಸರಿನಿಂದ ಇಂದು ಸಂಖ್ಯಾಶಾಸ್ತ್ರದಲ್ಲೂ ಅರ್ಥಶಾಸ್ತ್ರದಲ್ಲೂ ಬಳಕೆಯಲ್ಲಿದೆ. ಹವಾಮಾನ ನಮಗೇಕೆ ಎನ್ನುವ ನಮ್ಮ ಕಲಾ ವಿಭಾಗದ ಗೆಳೆಯರು ಇದನ್ನು ಗಮನಿಸಬೇಕು.

ಆದರೆ ಅವರ ಮುಪ್ಪಿನ ದಿನಗಳು ಪೂರ್ಣ ತೃಪ್ತಿಯವಾಗಿರಲಿಲ್ಲ. ಅವರ ಸೂತ್ರಗಳಲ್ಲಿದ್ದ ಹಲವು ಸಂಬಂಧಗಳು ವರ್ಷ ಕಳೆದಂತೆ ಸಡಿಲಗೊಂಡುವು. ಇಲಾಖೆಯವರು ಅವನ್ನು ಬದಲಿಸುತ್ತ ಬರಬೇಕಾಯಿತು. ಸಾಗರಗಳ ಏರಿಳಿತ ಏಕೆ ನಡೆಯುತ್ತದೆಂಬ ಕಾರಣ ಅವರಿಗೆ ಸಿಕ್ಕಿರಲಿಲ್ಲ. ಕಾರಣವಿಲ್ಲದ ಬರಿಯ ಅಂಕೆಯೆಂದು ಸಂದೇಹಪಟ್ಟವರು ಹಲವರಿದ್ದರು. 1958ರ ನವೆಂಬರ್ 4ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಸರ್ ಗಿಲ್ಬರ್ಟ್ ತೀರಿಕೊಂಡರು. ಹನ್ನೊಂದು ವರ್ಷಗಳ ತರುವಾಯ, 1969ರಲ್ಲಿ, ಜೇಕಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಆ ಕಾರಣವನ್ನು ಕಂಡರು. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೊ ಎಂಬ ವಿದ್ಯಮಾನವೂ ವಾಕರರು ಕಂಡ ಏರಿಳಿತವೂ ಒಂದೇ ಯಂತ್ರದ ಭಾಗಗಳೆಂದು ತೋರಿಸಿ, ಸಮಭಾಜಕದ ಮೇಲಿನ ಆ ಗಾಳಿಯ ಸುತ್ತಿಗೆ ವಾಕರರ ಹೆಸರನ್ನೇ ಇಟ್ಟರು. ಎಸೆದ ಬೂಮರಾಂಗ್ ಕೈಗೆ ಮರಳಿತು. ಹಿಡಿಯುವ ಕೈ ಮಾತ್ರ ಆಗ ಇರಲಿಲ್ಲ.

2023ರಲ್ಲಿ ನಮ್ಮನ್ನು ಕಾಡಿದುದು ಅದೇ ಎಲ್ ನಿನೊ. ಅದು ಬಂದು ಹೋದ ಮರುಬೇಸಗೆಯಲ್ಲಿ ಭಾರತದಲ್ಲಿ ಬಿಸಿಲು ಹೆಚ್ಚುವ ಸಂಭವವಿರುವುದರಿಂದ, ಬೇಸಗೆ ಕಾಲಿಡುವ ಮೊದಲೇ ಬಿಸಿಗಾಳಿಯ ಮುನ್ನೋಟ ಕೊಡುವಾಗ ಇಲಾಖೆಯವರು ಪೆಸಿಫಿಕ್ಕಿನ ಕಡೆ ನೋಡುತ್ತಾರೆ. ಇದು ದೂರದ ನೋಟ. ಇದರಲ್ಲಿ ತಪ್ಪು ಹೆಚ್ಚು. ಮೂರು ಗಂಟೆಯೊಳಗೆ ಈ ತಾಲ್ಲೂಕಿನಲ್ಲಿ ಸಿಡಿಲು ಬೀಳಬಹುದೆಂಬುದು ಹತ್ತಿರದ ನೋಟ. ಅದು ರೇಡಾರು, ಉಪಗ್ರಹಗಳು ಆಗಲೇ ಕಂಡ ಮೋಡವನ್ನು ನೋಡಿ ಹೇಳುವ ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದೇ ನಮ್ಮ ಮನೆಯಲ್ಲಾದ ತಪ್ಪು. ನಾಡಿದ್ದು ನೆಂಟರು ಬರಬಹುದೆಂಬ ಸುದ್ದಿಯೂ, ನೆಂಟರು ಊರಬಾಗಿಲಿಗೆ ಬಂದಿದ್ದಾರೆಂಬ ಸುದ್ದಿಯೂ ಒಂದೇ ಆದೀತೆ?

ಇದನ್ನೆಲ್ಲ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರಿಗೆ ನನಗೆ ತಿಳಿದಂತೆ ಹೇಳಿದೆ. ಜಾಂಜಿಬಾರಿನ ಮಾತಿಗೆ ಅವರು ನಕ್ಕರು. ಬಲ್ಲಷ್ಟನ್ನೇ ಹೇಳಿ, ಬಲ್ಲದ ಕಡೆ ಸುಮ್ಮನಿರಬೇಕೆಂದ ಮನುಷ್ಯನ ಮಾತಿಗೆ ನಗಲಿಲ್ಲ. ಸ್ವಲ್ಪ ಹೊತ್ತು ಮೌನವಾಗಿದ್ದರು. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್, ಮೂವತ್ತರೊಳಗೆ ಗುಡುಗಿದರೆ ಬಯಲಲ್ಲೂ ಮರದಡಿಯಲ್ಲೂ ಇರಬಾರದು ಎಂಬುದನ್ನು ತಮ್ಮನಿಗೂ ತಂಗಿಗೂ ಕಲಿಸಿದೆ.

2025ರ ಬೇಸಗೆಯಲ್ಲಿ ಒಂದು ಸಂಜೆ ಅಂಥದೇ ಸಂದೇಶ ಬಂದಿತು. ತಂದೆಯವರು ಎರವಲು ತಂದಿದ್ದ ಎತ್ತುಗಳ ಹಗ್ಗ ಬಿಚ್ಚಿ, ಕೆಲಸ ಅರ್ಧಕ್ಕೆ ಬಿಟ್ಟು, ನೆರೆಹೊಲದವರನ್ನೂ ಕೂಗಿ ಕರೆದುಕೊಂಡು ಮನೆಗೆ ಬಂದರು. ಆ ದಿನ ನಮ್ಮೂರಿನಲ್ಲಿ ಮಳೆಯೂ ಬರಲಿಲ್ಲ, ಸಿಡಿಲೂ ಬೀಳಲಿಲ್ಲ. ನೆರೆಯವರು ತಮಾಷೆ ಮಾಡಿದರು. ತಂದೆಯವರು ಮಾತ್ರ ಬೇಸರಪಡಲಿಲ್ಲ. ನೆರಳು ಕಂಡಿತು, ಮೋಡ ಪಕ್ಕಕ್ಕೆ ಸರಿಯಿತು, ಎತ್ತು ಕೊಟ್ಟಿಗೆಯಲ್ಲಿದೆ, ಅಷ್ಟು ಸಾಕೆಂದು ಹೇಳಿ ಕೈಕಾಲು ತೊಳೆಯಲು ಹೋದರು. ವಾಕರ್ ಮಹಾಶಯರು ಬಾಳಿನುದ್ದಕ್ಕೂ ಹೇಳಹೊರಟುದು ಇದಕ್ಕಿಂತ ಬೇರೆಯಲ್ಲವೆಂದು ನನಗೆ ತೋರುತ್ತದೆ.